ಶ್, ಹಾಗೆಲ್ಲ ಕೇಳಬಾರದು

ಇವತ್ತು ಬೆಳಿಗ್ಗೆ ಆಸ್ಪತ್ರೆಯಲ್ಲಿ ನನ್ನ ಸರದಿಗೆ ಕಾಯುತ್ತಾ ಕೂತಿದ್ದೆ. ಎದುರಿನ ಸಾಲಿನಲ್ಲಿ ಒಬ್ಬ ತಾಯಿ, ಪಕ್ಕದಲ್ಲಿ ನಾಲ್ಕೋ ಐದೋ ವರ್ಷದ ಮಗಳು. ಅವರಿಂದ ಎರಡು ಕುರ್ಚಿ ಆಚೆ ಆಫ್ರಿಕಾ ಮೂಲದ ಒಬ್ಬರು, ತೊಡೆ ಮೇಲೆ ಫೈಲ್ ಇಟ್ಟುಕೊಂಡು ಕೂತಿದ್ದರು. ಮಗು ಅವರನ್ನು ತುಂಬಾ ಹೊತ್ತು ನೋಡಿತು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಅಮ್ಮಾ, ಆ ಅಂಕಲ್ ಯಾಕೆ ಅಷ್ಟು ಕಪ್ಪು?" ಅಂತು.

ತಾಯಿಯ ಕೈ ಪಟ್ಟನೆ ಮಗುವಿನ ಬಾಯಿ ಮುಚ್ಚಿತು. "ಶ್! ಹಾಗೆಲ್ಲ ಕೇಳಬಾರದು." ಇಡೀ ಸಾಲು ತಲೆ ತಗ್ಗಿಸಿ ಮೊಬೈಲ್ ನೋಡತೊಡಗಿತು. ಅವರು ಫೈಲ್ ತೆರೆದು, ಮೊದಲ ಹಾಳೆಯನ್ನೇ ಮತ್ತೆ ಮತ್ತೆ ಓದುತ್ತಾ ಕೂತರು. ಮಗು ಮಾತ್ರ ಒಮ್ಮೆ ಅಮ್ಮನ ಮುಖ, ಒಮ್ಮೆ ಅವರ ಮುಖ ನೋಡಿ, ಸರಿದು ಅಮ್ಮನಿಗೆ ಅಂಟಿಕೊಂಡಿತು. ಒಂದು ನಿಮಿಷದ ಹಿಂದೆ ಅದರ ಕಣ್ಣಲ್ಲಿ ಇದ್ದದ್ದು ಕುತೂಹಲ. ಈಗ ಭಯ.

ಆ ತಾಯಿ ಕೆಟ್ಟವರಲ್ಲ. ಎದುರಿಗಿದ್ದವರಿಗೆ ಬೇಜಾರಾಗಬಾರದು ಅನ್ನುವುದೇ ಅವರ ಉದ್ದೇಶ. ಆದರೆ ಮಗು ಕಲಿತದ್ದು ಏನು? ಈ ಮನುಷ್ಯನಲ್ಲಿ ಬಾಯಿ ಬಿಟ್ಟು ಹೇಳಬಾರದ ಏನೋ ಒಂದು ಇದೆ ಅಂತ. ಅಷ್ಟು ಸಾಕು. ಮುಂದಿನದನ್ನು ಶಾಲೆ, ಟಿವಿ, ನೆಂಟರಿಷ್ಟರು ಸೇರಿ ತುಂಬುತ್ತಾರೆ.

ನನಗೆ ಸಿಟ್ಟು ಬಂದಿರುವುದು ಈ "ಶ್" ಮೇಲೆ. ವರ್ಣಭೇದದ ವಿಷಯ ಎತ್ತಿದಾಗಲೆಲ್ಲ ಯಾರೋ ಒಬ್ಬರು ಇದನ್ನೇ ದೊಡ್ಡವರ ಭಾಷೆಯಲ್ಲಿ ಹೇಳುತ್ತಾರೆ. "ಅದನ್ನೆಲ್ಲ ಯಾಕೆ ಕೆದಕುತ್ತೀರಿ? ಮಾತಾಡಿದಷ್ಟೂ ಜಾಸ್ತಿ ಆಗುತ್ತೆ. ಸುಮ್ನೆ ಇದ್ದರೆ ತಾನಾಗಿ ಹೋಗುತ್ತೆ." ಎಲ್ಲಿ ಹೋಗಿದೆ, ತೋರಿಸಿ.

ಮಕ್ಕಳಿಗೆ ಬಣ್ಣ ಗೊತ್ತಾಗುವುದೇ ಇಲ್ಲ, ನಾವೇ ಹೇಳಿಕೊಟ್ಟು ಕೆಡಿಸುತ್ತೇವೆ ಅನ್ನುವವರಿಗೆ ಒಂದು ವಿಷಯ. ಆಗಷ್ಟೇ ಹುಟ್ಟಿದ ಕೂಸು ಎಲ್ಲ ಜನಾಂಗದ ಮುಖಗಳನ್ನೂ ಒಂದೇ ರೀತಿ ನೋಡುತ್ತದೆ. ಮೂರು ತಿಂಗಳಾಗುವ ಹೊತ್ತಿಗೆ, ದಿನವೂ ತನ್ನ ಸುತ್ತ ಇರುವಂಥ ಮುಖಗಳ ಮೇಲೆಯೇ ಹೆಚ್ಚು ಹೊತ್ತು ಕಣ್ಣಿಡುತ್ತದೆ. ಕಪ್ಪು, ಬಿಳಿ ಎರಡೂ ಬಗೆಯ ಮುಖಗಳ ನಡುವೆ ಬೆಳೆದ ಕೂಸುಗಳಲ್ಲಿ ಆ ಒಲವು ಕಾಣಲಿಲ್ಲ. ಸಂಶೋಧಕರು ಇದನ್ನೆಲ್ಲ 2005, 2006ರಲ್ಲೇ ಪ್ರಕಟಿಸಿದ್ದಾರೆ. ಮಗು ನೋಡಿಯೇ ನೋಡುತ್ತದೆ. ನೋಡಿದ್ದಕ್ಕೆ ಅರ್ಥ ಏನು ಅಂತ ನಾವು ಹೇಳುತ್ತೇವಾ, ಅಥವಾ ಬೀದಿಗೆ ಬಿಡುತ್ತೇವಾ?

ಬೀದಿಗೆ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಗೊಂಬೆಗಳ ಪ್ರಯೋಗ ನೋಡಿ. 1940ರ ದಶಕದಲ್ಲಿ ಅಮೆರಿಕದ ಕಪ್ಪು ಮನಶ್ಶಾಸ್ತ್ರಜ್ಞ ದಂಪತಿ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ಮಕ್ಕಳ ಮುಂದೆ ಬಣ್ಣ ಬಿಟ್ಟರೆ ಬೇರೇನೂ ವ್ಯತ್ಯಾಸ ಇಲ್ಲದ ಗೊಂಬೆಗಳನ್ನು ಇಟ್ಟರು. ಚೆಂದದ ಗೊಂಬೆ ಕೊಡು ಅಂದಾಗ ಕಪ್ಪು ಮಕ್ಕಳಲ್ಲೇ ಹೆಚ್ಚಿನವರು ಬಿಳಿ ಗೊಂಬೆ ಎತ್ತಿಕೊಟ್ಟರು. ಕೆಟ್ಟ ಗೊಂಬೆ ಯಾವುದು ಅಂದಾಗ ಕಪ್ಪು ಗೊಂಬೆ. ಕೊನೆಯ ಪ್ರಶ್ನೆ, "ಇದರಲ್ಲಿ ನಿನ್ನ ಹಾಗಿರುವುದು ಯಾವುದು?" ಅದಕ್ಕೆ ಕೆಲವು ಮಕ್ಕಳು ಅಳುತ್ತಾ ಕೋಣೆಯಿಂದ ಓಡಿಹೋದವು. ಮೂರರಿಂದ ಏಳು ವರ್ಷದ ಮಕ್ಕಳು! ಯಾವ ತಾಯಿಯೂ ಆ ಮಕ್ಕಳನ್ನು ಕೂರಿಸಿಕೊಂಡು "ನೀನು ಕೆಟ್ಟವನು" ಅಂತ ಪಾಠ ಮಾಡಿರಲಿಲ್ಲ. 1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಶಾಲೆಗಳಲ್ಲಿ ಬಣ್ಣದ ಮೇಲೆ ಮಕ್ಕಳನ್ನು ಬೇರೆ ಮಾಡುವುದು ತಪ್ಪು ಅಂತ ತೀರ್ಪು ಕೊಟ್ಟಾಗ ಈ ದಂಪತಿಯ ಕೆಲಸವನ್ನೂ ಉಲ್ಲೇಖಿಸಿತು.

ಮಾತಾಡದೆ ನೋಡಿದ ದೇಶವೂ ಇದೆ. ಫ್ರಾನ್ಸ್ ಜನಗಣತಿಯಲ್ಲಿ ಜನಾಂಗ ಕೇಳುವುದಿಲ್ಲ. ಅಂಥ ಮಾಹಿತಿ ಕಲೆಹಾಕುವುದಕ್ಕೇ 1978ರ ಕಾನೂನು ಬಹುಮಟ್ಟಿಗೆ ಅಡ್ಡ ನಿಂತಿದೆ. ಎಲ್ಲರೂ ಫ್ರೆಂಚರೇ, ಬಣ್ಣದ ಮಾತೇ ಬೇಡ ಅನ್ನುವುದು ಅದರ ಹಿಂದಿನ ಆಸೆ. ಆಸೆ ಒಳ್ಳೆಯದೇ. ಆದರೆ 2005ರಲ್ಲಿ ಪ್ಯಾರಿಸ್ ಹೊರವಲಯದಲ್ಲಿ ಪೊಲೀಸರಿಂದ ತಪ್ಪಿಸಿಕೊಳ್ಳಲು ಓಡಿದ ವಲಸಿಗ ಕುಟುಂಬಗಳ ಇಬ್ಬರು ಹುಡುಗರು ಕರೆಂಟ್ ಹೊಡೆದು ಸತ್ತಾಗ, ದೇಶ ಮೂರು ವಾರ ಹೊತ್ತಿ ಉರಿಯಿತು. ಎಷ್ಟು ವರ್ಷದ ಮೌನ ಹಾಗೆ ಹೊರಗೆ ಬಂತೋ.

ಮೌನ ಯಾರಿಗೆ ಬೇಕು ಅಂತ ನನಗೆ ಅರ್ಥ ಮಾಡಿಸಿದ್ದು ಮೇಮಿ ಟಿಲ್ ಅನ್ನುವ ಅಮೆರಿಕದ ಕಪ್ಪು ತಾಯಿ. 1955ರ ಆಗಸ್ಟ್. ಶಿಕಾಗೋದಿಂದ ಮಿಸಿಸಿಪ್ಪಿಗೆ ನೆಂಟರ ಮನೆಗೆ ಹೋಗಿದ್ದ ಅವಳ 14 ವರ್ಷದ ಮಗ ಎಮೆಟ್‌ನನ್ನು ಬಿಳಿಯರು ಹೊಡೆದು ಕೊಂದು ನದಿಗೆ ಎಸೆದರು. ಅಲ್ಲಿನ ಅಧಿಕಾರಿಗಳಿಗೆ ಬೇಗ ಹೂತುಬಿಟ್ಟರೆ ಸಾಕಾಗಿತ್ತು. ಅವಳು ಹಟ ಹಿಡಿದು ಮಗನನ್ನು ಮನೆಗೆ ತರಿಸಿಕೊಂಡಳು. ಪೆಟ್ಟಿಗೆ ತೆರೆಯಬಾರದು ಅನ್ನುವ ಷರತ್ತಿನ ಮೇಲೆ ಕಳಿಸಿದ್ದರು. ಅವಳು ತೆರೆಸಿದಳು. ಗುರುತೇ ಸಿಗದ ಹಾಗಾಗಿದ್ದ ಮಗನ ಮುಖವನ್ನು ಜಗತ್ತು ನೋಡಲಿ ಅಂತ ಹಾಗೇ ಇಟ್ಟಳು. ಸಾವಿರಾರು ಜನ ಸಾಲುಗಟ್ಟಿ ನೋಡಿದರು, ಜೆಟ್ ಪತ್ರಿಕೆ ಫೋಟೋ ಹಾಕಿತು. ಬರೀ ಬಿಳಿಯರೇ ಇದ್ದ ಜ್ಯೂರಿ ಸುಮಾರು ಒಂದು ಗಂಟೆಯಲ್ಲಿ ಆರೋಪಿಗಳನ್ನು ಬಿಟ್ಟುಬಿಟ್ಟಿತು. ಆದರೆ ಆ ಮುಖವನ್ನು ನೋಡಿದವರು ಬಿಡಲಿಲ್ಲ. ಗುಂಪು ಹತ್ಯೆಯನ್ನು ಕೇಂದ್ರ ಸರ್ಕಾರದ ಮಟ್ಟದಲ್ಲಿ ಅಪರಾಧ ಮಾಡಿದ ಅಮೆರಿಕದ ಕಾನೂನು ಎಮೆಟ್ ಹೆಸರಲ್ಲೇ ಇದೆ. ಅದು ಬಂದದ್ದು 2022ರಲ್ಲಿ. ಹೌದು, ತಡ ಆಯಿತು. ಪೆಟ್ಟಿಗೆ ಮುಚ್ಚಿಯೇ ಇದ್ದಿದ್ದರೆ?

ಈಗ ಕೆಲವರು ದಕ್ಷಿಣ ಆಫ್ರಿಕಾ ಕಡೆ ಬೆರಳು ತೋರಿಸುತ್ತೀರಿ, ಗೊತ್ತು. ಅಲ್ಲಿ ವರ್ಣಭೇದದ ಆಡಳಿತ ಮುಗಿದ ಮೇಲೆ, ಆ ಕಾಲದ ದೌರ್ಜನ್ಯಗಳನ್ನು ಬಯಲಿಗೆ ತರಲು, 1996ರಿಂದ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಮುಂದಾಳತ್ವದ ಸತ್ಯ ಮತ್ತು ಸಾಮರಸ್ಯ ಆಯೋಗ ಊರೂರಲ್ಲಿ ಕೂತು ಕೇಳಿತು. ಹೇಳಿಕೆ ಕೊಟ್ಟವರು 21,000ಕ್ಕೂ ಹೆಚ್ಚು ಜನ. ರೇಡಿಯೋ, ಟಿವಿಯಲ್ಲಿ ಇಡೀ ದೇಶ ಕೇಳಿತು. ಕೇಳುತ್ತಾ ಕೂತ ಟುಟು ಅವರೇ ಮೇಜಿಗೆ ತಲೆ ಇಟ್ಟು ಅತ್ತರು. ಕೊನೆಗೆ ಸಂತ್ರಸ್ತರಿಗೆ ಸರ್ಕಾರ ಕೊಟ್ಟದ್ದು ತಲಾ 30,000 ರಾಂಡ್, ಅದೂ ಆಯೋಗ ಕೇಳಿದ್ದಕ್ಕಿಂತ ತೀರಾ ಕಡಿಮೆ. ಭೂಮಿ, ಆಸ್ತಿ ಬಹುಪಾಲು ಇದ್ದವರ ಕೈಯಲ್ಲೇ ಉಳಿಯಿತು. ಹಾಗಾದರೆ ಮಾತಿನಿಂದ ಏನಾಯಿತು ಅಂತ ಕೇಳಿದರೆ, ನನ್ನ ಉತ್ತರ ಇದು: ತಪ್ಪಿದ್ದು ಮಾತಾಡಿದವರದಲ್ಲ, ಕೇಳಿಸಿಕೊಂಡ ಮೇಲೆ ಕೊಡಬೇಕಾದ್ದನ್ನು ಕೊಡದವರದು. ಮಗ ಎಲ್ಲಿ ಸತ್ತ, ಯಾರು ಕೊಂದರು ಅಂತಲೇ ಗೊತ್ತಿರದ ಎಷ್ಟೋ ಅಮ್ಮಂದಿರಿಗೆ ಅಲ್ಲಿ ಮೊದಲ ಸಲ ಉತ್ತರ ಸಿಕ್ಕಿತು. ಅದನ್ನು ದಯವಿಟ್ಟು ಸಣ್ಣದು ಅನ್ನಬೇಡಿ.

ನನ್ನದೇ ಒಂದು ವಿಷಯ ಹೇಳಬೇಕು. ನನ್ನ ಹಾಸ್ಟೆಲ್ ದಿನಗಳದ್ದು, ಇದನ್ನು ನಾನು ಯಾವತ್ತೂ ಬರೆದಿಲ್ಲ. ನಮ್ಮ ಮಹಡಿಯಲ್ಲಿ ಆಫ್ರಿಕಾದಿಂದ ಓದಲು ಬಂದ ಹುಡುಗ ಒಬ್ಬನಿದ್ದ. ನಾವೆಲ್ಲ ಅವನನ್ನು "ಕರಿಯ" ಅಂತಲೇ ಕರೆಯುತ್ತಿದ್ದೆವು. ಎರಡು ವರ್ಷ. ಅವನು ನಗುತ್ತಿದ್ದ, ಹಾಗಾಗಿ ಅವನಿಗೆ ಬೇಜಾರಿಲ್ಲ ಅಂದುಕೊಂಡಿದ್ದೆವು. ಒಂದು ರಾತ್ರಿ ಕರೆಂಟ್ ಹೋಗಿತ್ತು. ಮೆಟ್ಟಿಲ ಮೇಲೆ ನಾನು, ಅವನು ಇಬ್ಬರೇ. ಕತ್ತಲಲ್ಲಿ ಮೆಲ್ಲಗೆ ಕೇಳಿದ, "ನಿನಗೆ ನನ್ನ ಪೂರ್ತಿ ಹೆಸರು ಗೊತ್ತಾ?"

ನನಗೆ ಗೊತ್ತಿರಲಿಲ್ಲ.

ಅವನು ಜಗಳ ಆಡಲಿಲ್ಲ. ತನ್ನ ಹೆಸರು ಹೇಳಿದ. ಅದು ಅವನ ಅಜ್ಜನ ಹೆಸರಂತೆ, ಅದರ ಅರ್ಥ ಹೇಳಿದ. ಅಮ್ಮ ಫೋನಿನಲ್ಲಿ ಆ ಹೆಸರು ಕರೆದಾಗ ಮಾತ್ರ ತಾನು ತಾನೇ ಅನ್ನಿಸುತ್ತದೆ ಅಂದ. ಹೆಚ್ಚೆಂದರೆ ಹತ್ತು ನಿಮಿಷ. ಆ ಹತ್ತು ನಿಮಿಷ ನನ್ನಲ್ಲಿ ಮಾಡಿದ ಕೆಲಸವನ್ನು ಅದಕ್ಕೂ ಮೊದಲು ಓದಿದ ಯಾವ ಪಠ್ಯವೂ ಮಾಡಿರಲಿಲ್ಲ. ಆದರೆ ಎರಡು ವರ್ಷ ಯಾಕೆ ಬೇಕಾಯಿತು? ಬಾಯಿ ತೆರೆಯುವ ಭಾರ ಅವನ ಮೇಲೆಯೇ ಯಾಕೆ ಬಿತ್ತು? ಆ ಮಹಡಿಯಲ್ಲಿ ಇಪ್ಪತ್ತು ಜನ ಇದ್ದೆವು. ಇದು ತಪ್ಪು ಕಣ್ರೋ ಅಂತ ನಮ್ಮಲ್ಲಿ ಒಬ್ಬನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಅದು ಈಗಲೂ ಚುಚ್ಚುತ್ತದೆ.

ಹತ್ತು ನಿಮಿಷದ ಮಾತಿಗೆ ಎಷ್ಟು ಶಕ್ತಿ ಇದೆ ಅಂತ ಆಮೇಲೆ ಬೇರೆ ಕಡೆಯೂ ಓದಿದೆ. ಅಮೆರಿಕದ ಮಯಾಮಿಯಲ್ಲಿ ಸ್ವಯಂಸೇವಕರು ಮನೆ ಮನೆಗೆ ಹೋಗಿ ಲಿಂಗತ್ವ ಅಲ್ಪಸಂಖ್ಯಾತರ ಬಗ್ಗೆ ಮಾತಾಡಿದರು. ವಿಷಯ ಬೇರೆ, ಪೂರ್ವಗ್ರಹದ ಬೇರು ಒಂದೇ. ಅವರು ಭಾಷಣ ಮಾಡಲಿಲ್ಲ, ಬೈಯಲಿಲ್ಲ. "ನೀವು ಬೇರೆಯವರ ಹಾಗಿಲ್ಲ ಅಂತ ಯಾರಾದರೂ ನಿಮ್ಮನ್ನು ಕೀಳಾಗಿ ನೋಡಿದ್ದಾರಾ?" ಅಂತ ಕೇಳಿ, ಉತ್ತರಕ್ಕೆ ಕಿವಿ ಕೊಟ್ಟರು. ಸುಮಾರು ಹತ್ತು ನಿಮಿಷದ ಆ ಮಾತಿನಿಂದ ಪೂರ್ವಗ್ರಹ ಕಡಿಮೆಯಾಯಿತು, ಮೂರು ತಿಂಗಳ ನಂತರವೂ ಕಡಿಮೆಯೇ ಇತ್ತು. 2016ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಇದು ಬಂತು. ಹಾಗಾಗಿ ಟಿವಿ ಚರ್ಚೆಯ ಕೂಗಾಟವನ್ನು ತೋರಿಸಿ, "ನೋಡಿ, ಮಾತಾಡಿದರೆ ಹೀಗೇ" ಅಂತ ನನಗೆ ಹೇಳಬೇಡಿ. ಕೂಗಾಟದಲ್ಲಿ ಯಾರೂ ಯಾರನ್ನೂ ಏನೂ ಕೇಳುವುದೇ ಇಲ್ಲ.

ಆ ಮಗು ಕೇಳಿತ್ತು ನೋಡಿ. ಉತ್ತರ ಎಷ್ಟು ಸುಲಭ ಇತ್ತು! "ನಮ್ಮೆಲ್ಲರ ಚರ್ಮದಲ್ಲಿ ಮೆಲನಿನ್ ಅಂತ ಬಣ್ಣ ಇರುತ್ತೆ ಪುಟ್ಟಾ. ಬಿಸಿಲಿನಿಂದ ಕಾಪಾಡುತ್ತೆ. ಅಂಕಲ್‌ಗೆ ಅದು ಜಾಸ್ತಿ ಇದೆ, ನಮಗೆ ಸ್ವಲ್ಪ ಕಡಿಮೆ. ಬಾ, ಅವರಿಗೆ ನಮಸ್ಕಾರ ಹೇಳೋಣ." ಅಮ್ಮ ಹೇಳದಿದ್ದರೆ ನಾನಾದರೂ ಹೇಳಬಹುದಿತ್ತು, ಎದುರಿಗೇ ಕೂತಿದ್ದೆ. ಹಾಸ್ಟೆಲ್ ಮೆಟ್ಟಿಲು ಹತ್ತಿಳಿದು ಇಷ್ಟು ವರ್ಷ ಆದ ಮೇಲೂ ಸುಮ್ಮನೆ ಕೂತೆ.

ಸ್ವಲ್ಪ ಹೊತ್ತಿಗೆ ತಾಯಿ ಬಿಲ್ ಕಟ್ಟಲು ಕೌಂಟರಿಗೆ ಎದ್ದು ಹೋದರು. ಹುಡುಗಿ ಮತ್ತೆ ಅವರ ಕಡೆ ತಿರುಗಿದಳು. ಈ ಸಲ ಅವರೂ ತಲೆ ಎತ್ತಿ ಅವಳನ್ನು ನೋಡಿ ನಕ್ಕರು. ಅವಳಿಗೂ ಏನೋ ಕೇಳಬೇಕು ಅನ್ನಿಸಿತು, ಬಾಯಿ ಅರ್ಧ ತೆರೆದಳು. ಆಮೇಲೆ ತನ್ನ ಪುಟ್ಟ ಕೈಯಿಂದ ತಾನೇ ಬಾಯಿ ಮುಚ್ಚಿಕೊಂಡಳು.