ಓಡುವ ರೈಲಿನಿಂದ ಬ್ಯಾಗು, ಫೋನು ಎಸೆಯಬೇಡಿ

ರೈಲು ಹೊರಟಾಗಿದೆ. ಇಳಿದವರ ಬ್ಯಾಗ್ ಸೀಟಿನ ಮೇಲೇ ಉಳಿದಿದೆ. ಯಾರೋ ಅದನ್ನೆತ್ತಿಕೊಂಡು ಬಾಗಿಲಿಗೆ ಓಡುತ್ತಾರೆ. "ಎಸೀರಿ, ಎಸೀರಿ" ಅಂತ ಹಿಂದಿನಿಂದ ಕೂಗು. ಇಂಥ ವಿಡಿಯೊಗಳಿಗೆ ಜನ ಭೇಷ್ ಅನ್ನೋದು ನೋಡಿದರೆ ನನಗೆ ನಿಜಕ್ಕೂ ಭಯವಾಗುತ್ತದೆ. ಎಸೆಯುವವರ ಮನಸ್ಸು ಒಳ್ಳೆಯದೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಆ ಹೊತ್ತಿಗೆ ಬ್ಯಾಗ್ ಭದ್ರವಾಗಿರುವುದು ರೈಲಿನ ಒಳಗೇ.

ಕೈಬಿಟ್ಟ ತಕ್ಷಣ ವಸ್ತು ಅಲ್ಲೇ ಕೆಳಗೆ ಬೀಳುತ್ತದೆ ಅಂತ ನಮಗೆ ಅನಿಸುತ್ತದೆ. ಹಾಗಾಗುವುದಿಲ್ಲ. ರೈಲಿನ ವೇಗ ಅದರಲ್ಲೂ ಇರುತ್ತದೆ. ಪಕ್ಕಕ್ಕೆ ಎಸೆದರೂ ಆ ಮುಂದಿನ ವೇಗ ಹೋಗುವುದಿಲ್ಲ. ಗಂಟೆಗೆ 36 ಕಿ.ಮೀ. ಅಂದರೆ ರೈಲಿಗೆ ಏನೂ ಅಲ್ಲ, ಅಲ್ವಾ? ಆದರೆ ಅದು ಸೆಕೆಂಡಿಗೆ 10 ಮೀಟರ್. 5 ಮೀಟರ್ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಇರುವಷ್ಟೇ ವೇಗ. 72 ಕಿ.ಮೀ. ಆದರೆ ಸುಮಾರು 20 ಮೀಟರ್ ಎತ್ತರದಿಂದ, ಅಂದರೆ ಆರೇಳು ಮಹಡಿ ಮೇಲಿಂದ ಬಿದ್ದ ಲೆಕ್ಕ. ಕೆಳಗಿರುವುದು ಮೆತ್ತನೆ ಮಣ್ಣೂ ಅಲ್ಲ, ಚೂಪು ಅಂಚಿನ ಜಲ್ಲಿ.

ಎಸೆಯುವುದನ್ನೇ ಕೆಲಸ ಮಾಡಿಕೊಂಡಿದ್ದವರಿಗೂ ಇದು ಸುಲಭವಾಗಿರಲಿಲ್ಲ. ಹಿಂದೆ ಅಮೆರಿಕದಲ್ಲಿ ಅಂಚೆ ಬೋಗಿಯ ನೌಕರರು ರೈಲು ನಿಲ್ಲದ ಊರುಗಳಲ್ಲಿ ಟಪಾಲು ಚೀಲವನ್ನು ಓಡುವ ರೈಲಿನಿಂದಲೇ ಹೊರಗೆ ಒದೆಯುತ್ತಿದ್ದರು. ಚೀಲ ಸಾಕಷ್ಟು ದೂರ ಬೀಳದಿದ್ದರೆ ಗಾಳಿಯ ಸೆಳೆತಕ್ಕೆ ರೈಲಿನಡಿಗೆ ಹೋಗಿ ಹರಿದುಹೋಗುತ್ತಿತ್ತು. ಕಾಗದಗಳೆಲ್ಲ ಹಳಿಯುದ್ದಕ್ಕೂ ಚೆಲ್ಲಾಪಿಲ್ಲಿ. ಬ್ರಿಟನ್ನಿನಲ್ಲಿ ಇದೇ ಕೆಲಸಕ್ಕೆ ದಪ್ಪ ತೊಗಲಿನ ಚೀಲ, ಹಳಿ ಪಕ್ಕದಲ್ಲಿ ಹಿಡಿಯುವ ಬಲೆ ಎಲ್ಲ ಇಟ್ಟುಕೊಂಡಿದ್ದರು. 1971ರಲ್ಲಿ ಅದನ್ನೂ ನಿಲ್ಲಿಸಿದರು. ಅಷ್ಟೆಲ್ಲ ಸಿದ್ಧತೆ ಇದ್ದವರ ಕೆಲಸವನ್ನು ನಾವು ಒಂದು ಕೈಯಲ್ಲಿ ಬಾಗಿಲ ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ಲ್ಯಾಪ್‌ಟಾಪ್ ಬೀಸಿ ಮಾಡಲು ಹೊರಡುತ್ತೇವೆ.

ಫೋನು, ಲ್ಯಾಪ್‌ಟಾಪ್‌ಗಳದ್ದು ಬೇರೆಯೇ ತೊಂದರೆ. ಪರದೆ ಒಡೆಯುವುದು ಬಿಡಿ. ಒಳಗಿನ ಲಿಥಿಯಂ ಬ್ಯಾಟರಿ ಜಜ್ಜಿದರೆ ಒಳಗೇ ಶಾರ್ಟ್ ಆಗಿ ಬೆಂಕಿ ಹತ್ತಬಹುದು. ಅದೂ ತಕ್ಷಣವೇ ಆಗಬೇಕೆಂದಿಲ್ಲ, ಗಂಟೆಗಟ್ಟಲೆ ಬಿಟ್ಟು ಆಗಬಹುದು. ಇನ್ನು ಉಂಗುರ, ಸರದಂಥ ಒಡವೆ ಜಲ್ಲಿ ಸಂದಿಗೆ ಇಳಿದರೆ ಮುಗಿಯಿತು.

ನನಗೆ ಜಾಸ್ತಿ ಚಿಂತೆ ವಸ್ತುವಿನದ್ದಲ್ಲ, ಹಿಡಿಯಲು ಓಡುವವರದ್ದು. ಅವರ ಕಣ್ಣೆಲ್ಲ ಬ್ಯಾಗಿನ ಮೇಲೆ. ಕಾಲು ಪ್ಲಾಟ್‌ಫಾರಂ ಅಂಚಿನಲ್ಲಿ. ಒಂದು ಹೆಜ್ಜೆ ತಪ್ಪಿದರೆ ರೈಲಿಗೂ ಪ್ಲಾಟ್‌ಫಾರಂಗೂ ನಡುವಿನ ಸಂದಿ. ಎರಡು ಕೆ.ಜಿ. ಬ್ಯಾಗ್ ಅಲ್ಲಿ ನಿಂತ ಮಗುವಿನ ಮುಖಕ್ಕೆ ಬಡಿದರೆ? ಬಾಗಿಲಿಂದ ಅರ್ಧ ಮೈ ಹೊರಗೆ ಹಾಕಿದವರಿಗೆ ಎದುರಿಗೆ ಬರುವ ಕಂಬ ಕಾಣುತ್ತದಾ?

ಎಸೆದದ್ದನ್ನು ಹುಡುಕುವುದೂ ಸುಮ್ನೆ ಆಗುವ ಕೆಲಸವಲ್ಲ. 72 ಕಿ.ಮೀ. ವೇಗದಲ್ಲಿ ಒಂದು ನಿಮಿಷಕ್ಕೆ 1.2 ಕಿ.ಮೀ. ದಾಟಿರುತ್ತೀರಿ. "ಆ ಸೇತುವೆ ಆದ್ಮೇಲೆ ಎಲ್ಲೋ" ಅಂದರೆ ಹುಡುಕುವವರು ಹಳಿ ಮೇಲೆ ತಲೆ ತಗ್ಗಿಸಿಕೊಂಡು ನಡೆಯಬೇಕು. ಹಿಂದಿನಿಂದ ಬರುವ ರೈಲು ಥಟ್ಟನೆ ನಿಲ್ಲುವುದಿಲ್ಲ. ಕೈಜಾರಿ ಏನಾದರೂ ಬಿದ್ದೇ ಹೋದರೆ ಹಳಿ ಪಕ್ಕದ ಕಂಬದ ನಂಬರ್ ನೋಡಿಕೊಂಡು ರೈಲ್ವೆಯವರಿಗೆ ತಿಳಿಸಿ. ನೀವೇ ಹಳಿಗೆ ಇಳಿಯಬೇಡಿ.

ಬೇರೆಯವರ ವಸ್ತು ನಿಮ್ಮ ಬೋಗಿಯಲ್ಲಿ ಉಳಿದಿದ್ದರೆ ಅದು ಎಲ್ಲಿಗೆ ಹೋಗುತ್ತಿದೆ ಅಂತ ಎಲ್ಲರಿಗೂ ಗೊತ್ತು. ರೈಲಿನ ಹೆಸರಿದೆ, ಬೋಗಿ ನಂಬರ್ ಇದೆ, ಮುಂದಿನ ನಿಲ್ದಾಣ ಇದೆ. ಟಿಕೆಟ್ ನೋಡುವವರಿಗೋ ಗಾರ್ಡ್‌ಗೋ ಕೊಡಿ. ಫೋನು ರಿಂಗ್ ಆದರೆ ಎತ್ತಿ ಮಾತಾಡಿ.

ರೈಲ್ವೆಯವರಿಗೂ ಒಂದು ಮಾತು. ಜನ ಎಸೆಯುವುದು ಗಾಬರಿಗೆ ಮಾತ್ರ ಅಲ್ಲ, ಸಿಬ್ಬಂದಿ ಕೈಗೆ ಕೊಟ್ಟರೆ ಮಾಲೀಕರಿಗೆ ಸಿಗುತ್ತೋ ಇಲ್ಲವೋ ಅನ್ನುವ ಅಪನಂಬಿಕೆಗೆ ಕೂಡ. ಸಿಕ್ಕ ವಸ್ತು ಕೊಟ್ಟವರಿಗೆ ಅಲ್ಲೇ ಒಂದು ರಸೀದಿ ಸಿಗಲಿ. ಕಳೆದುಕೊಂಡವರಿಗೆ ಅದು ಯಾವ ನಿಲ್ದಾಣದಲ್ಲಿದೆ ಅಂತ ಅವತ್ತೇ ಫೋನ್ ಹೋಗಲಿ.