ಇಆರ್‌ಎ ಒಂದನ್ನೇ ನಂಬಿದರೆ ಹೇಗೆ?

ಅಮೆರಿಕದ ಬೇಸ್‌ಬಾಲಿನ ಎರಡು ಲೀಗ್‌ಗಳನ್ನು ಹೋಲಿಸಿ, "ಡಿಎಚ್ (ಪಿಚರ್ ಬದಲು ಬ್ಯಾಟ್ ಮಾತ್ರ ಮಾಡುವವನು) ನಿಯಮ ಎರಡೂ ಕಡೆ ಒಂದಾಗುವ ಮೊದಲು ನ್ಯಾಷನಲ್ ಲೀಗಿನ ಇಆರ್‌ಎ ಕಡಿಮೆ ಇತ್ತು, ಹಾಗಾಗಿ ಅಲ್ಲಿನ ಪಿಚರ್‌ಗಳೇ ಮೇಲು" ಅಂತ ಬರೆದಿದ್ದೀರಿ. ಪಿಚರ್ ಅಂದರೆ ಚೆಂಡೆಸೆಯುವವನು; ಇಆರ್‌ಎ ಅಂದರೆ ಫೀಲ್ಡಿಂಗ್ ತಪ್ಪಿನಿಂದ ಬಂದ ರನ್ ಬಿಟ್ಟು, ಆತ ಒಂಬತ್ತು ಇನ್ನಿಂಗ್ಸಿಗೆ ಸರಾಸರಿ ಬಿಟ್ಟುಕೊಡುವ ರನ್. ಒಪ್ಪೋದು ಕಷ್ಟ. ಅಮೆರಿಕನ್ ಲೀಗಿನಲ್ಲಿ 1973ರಿಂದಲೇ ಪಿಚರ್ ಬದಲು ಒಬ್ಬ ಪಕ್ಕಾ ಬ್ಯಾಟರ್ ಆಡುತ್ತಿದ್ದ. ನ್ಯಾಷನಲ್ ಲೀಗಿನಲ್ಲಿ 2021ರವರೆಗೂ (ಕೊರೊನಾ ವರ್ಷ 2020 ಬಿಟ್ಟು) ಪಿಚರೇ ಬ್ಯಾಟ್ ಹಿಡಿಯಬೇಕಿತ್ತು. ನಮ್ಮ ಕ್ರಿಕೆಟ್ ಭಾಷೆಯಲ್ಲಿ ಅಪ್ಪಟ ಬಾಲಂಗೋಚಿ. ಇಬ್ಬರು ಔಟಾಗಿದ್ದರೆ ಎಂಟನೆಯವನಿಗೆ ಬೇಕಂತಲೇ ವಾಕ್ (ಹೊಡೆಯದೆಯೇ ಮೊದಲ ಬೇಸಿಗೆ ದಾರಿ) ಕೊಟ್ಟು, ಒಂಬತ್ತನೆಯವನಾಗಿ ಬರುವ ಪಿಚರನ್ನು ಔಟ್ ಮಾಡಿ, ಆ ಮೂರನೇ ಔಟಿಗೆ ಇನ್ನಿಂಗ್ಸ್ ಮುಗಿಸಿ ಎದ್ದು ಹೋಗೋದು ಅಲ್ಲಿ ಮಾಮೂಲಿಯಾಗಿತ್ತು. ಪಿಚರ್ ಬಾರ್ಟೊಲೊ ಕೊಲೊನ್ ಬ್ಯಾಟ್ ಬೀಸಿದರೆ ಹೆಲ್ಮೆಟ್ಟೇ ಹಾರಿ ಬೀಳುತ್ತಿತ್ತು! 2016ರಲ್ಲಿ, 42ರ ವಯಸ್ಸಿನಲ್ಲಿ, ಆತ ಮೊದಲ ಹೋಮ್ ರನ್ ಹೊಡೆದಾಗ ಅಷ್ಟು ಗದ್ದಲ ಆಗಿದ್ದು ಸುಮ್ನೆ ಅಲ್ಲ. ಇಂಥ ಪುಕ್ಕಟೆ ಔಟ್ ದಿನಾ ಸಿಕ್ಕಿದರೆ ಯಾರ ಇಆರ್‌ಎ ಇಳಿಯಲ್ಲ ಹೇಳಿ?

ಎದುರುಬದುರು ಆಡಿದ ಲೆಕ್ಕವನ್ನು ನೀವು ಮುಟ್ಟಲೇ ಇಲ್ಲ. 2004ರಿಂದ 2017ರವರೆಗೆ ಇಂಟರ್‌ಲೀಗ್ (ಎರಡೂ ಲೀಗಿನ ತಂಡಗಳ ನಡುವಿನ) ಪಂದ್ಯಗಳಲ್ಲಿ ಪ್ರತಿ ವರ್ಷವೂ ಜಾಸ್ತಿ ಗೆದ್ದದ್ದು ಅಮೆರಿಕನ್ ಲೀಗ್. ಪಿಚಿಂಗ್ ಹೋಲಿಸಲೇಬೇಕು ಅಂದರೆ 2022ರಿಂದೀಚಿನ ಅಂಕಿ ತೆಗೆದುಕೊಳ್ಳಿ, ಈಗ ಎರಡೂ ಕಡೆ ಡಿಎಚ್ ಇದೆ ಅಲ್ವಾ?