ಸರ್ವರ್ ಆಮೇಲೆ, ಮೊದಲು ಮಂದಿ

ನಮ್ಮ ಕಲಬುರಗಿ ಕಡೆ ವಿಡಿಯೊ ಮಾಡುವವರ ಮುಂದೆ ಮಾಸ್ಟೊಡಾನ್ (ಟ್ವಿಟರ್ ತರಹದ್ದು), ಪೀರ್‌ಟ್ಯೂಬ್ (ಯೂಟ್ಯೂಬ್ ತರಹದ್ದು) ಅಂದರೆ ಮೊದಲು ಬರುವ ಪ್ರಶ್ನೆ ಒಂದೇ: "ಅಲ್ಲಿ ಯಾರ್ ನೋಡ್ತಾರ್ರೀ?"

ಪ್ರಶ್ನೆ ನ್ಯಾಯವಾದದ್ದೇ. ಆದರೆ 2020ರ ಜೂನ್ ಕೊನೆಗೆ ಟಿಕ್‌ಟಾಕ್ ಬಂದ್ ಆದಾಗ ಅಲ್ಲಿದ್ದ ಫಾಲೋವರ್ಸ್ ಎಲ್ಲಿ ಹೋದರು? ಟ್ವಿಟರ್ ತರಹದ ಕೂ ನಮ್ಮ ಬೆಂಗಳೂರಿನದೇ ಆಪ್, ಅದೂ 2024ರಲ್ಲಿ ಬಾಗಿಲು ಹಾಕಿತು. ನೋಡುವವರು ನಮ್ಮವರು ಅಂತ ನಾವು ಅಂದುಕೊಂಡಿದ್ದೆವು, ಅವರ ಲಿಸ್ಟು ಮಾತ್ರ ಕಂಪನಿ ಕೈಯಲ್ಲಿತ್ತು.

ಮಾಸ್ಟೊಡಾನ್‌ನಲ್ಲಿ ಹಾಗಿಲ್ಲ. ಬೇರೆ ಬೇರೆ ಮಂದಿ ನಡೆಸುವ ಸರ್ವರ್‌ಗಳು, ಅಂದರೆ ನಮ್ಮ ಖಾತೆ, ಪೋಸ್ಟ್ ಇಟ್ಟುಕೊಳ್ಳುವ ಕಂಪ್ಯೂಟರ್‌ಗಳು, ಆಕ್ಟಿವಿಟಿಪಬ್ ಎಂಬ ಒಂದೇ ನಿಯಮದಲ್ಲಿ ತಮ್ಮತಮ್ಮಲ್ಲಿ ಮಾತಾಡುತ್ತವೆ. ಒಂದು ಸರಿಬರಲಿಲ್ಲವೆಂದರೆ ಇನ್ನೊಂದಕ್ಕೆ ಹೋಗಬಹುದು, ಫಾಲೋವರ್ಸ್ ಜೊತೆಗೆ ಬರುತ್ತಾರೆ. ಹಳೆಯ ಪೋಸ್ಟ್‌ಗಳು ಬರುವುದಿಲ್ಲ, ಅದನ್ನೂ ಹೇಳಿಬಿಡಬೇಕು. ವಿಡಿಯೊಗೆ ಫ್ರಾನ್ಸ್‌ನ ಫ್ರಾಮಾಸಾಫ್ಟ್ ಸಂಸ್ಥೆ ಮಾಡಿದ ಪೀರ್‌ಟ್ಯೂಬ್ ಇದೆ. ಅಲ್ಲಿಯ ಚಾನೆಲ್ಲನ್ನು ಮಾಸ್ಟೊಡಾನ್‌ನಿಂದಲೇ ಫಾಲೋ ಮಾಡಬಹುದು. ಮಾಸ್ಟೊಡಾನ್‌ನಲ್ಲಿ ಬರೆದ ಉತ್ತರ ಪೀರ್‌ಟ್ಯೂಬ್‌ನಲ್ಲಿ ವಿಡಿಯೊ ಕೆಳಗೆ ಕಾಣುತ್ತದೆ.

ಜಾಹೀರಾತಿನ ದುಡ್ಡು ಬರುವುದಿಲ್ಲ. ಅದಕ್ಕೇ ಯೂಟ್ಯೂಬ್ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಇನ್ನೊಂದು ಕಷ್ಟ, ನಿಮ್ಮ ಪೋಸ್ಟನ್ನು ತಾನಾಗಿ ಮುಂದೆ ತಳ್ಳುವ ಅಲ್ಗಾರಿದಂ ಅಲ್ಲಿಲ್ಲ. ಸುಮ್ನೆ ಹಾಕಿ ಬಂದರೆ ಅದು ಸುಮ್ನೆ ಬಿದ್ದಿರುತ್ತದೆ. ಬೀದರಿನ ಬಿದರಿ ಕೆಲಸದ ವಿಡಿಯೊ ಅಂತಿಟ್ಟುಕೊಳ್ಳಿ. ಸತು, ತಾಮ್ರದ ಎರಕ, ಅದರೊಳಗೆ ಬೆಳ್ಳಿ ಕೂರಿಸುವುದು, ಕೋಟೆ ಮಣ್ಣಿನಿಂದ ಕಪ್ಪು ಬರಿಸುವುದು. ಹ್ಯಾಶ್‌ಟ್ಯಾಗ್ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇರಲಿ. ಪೋಸ್ಟಿನ ಭಾಷೆ ಕನ್ನಡ ಅಂತ ಆರಿಸಿ. ಫೋಟೊ ಇದ್ದರೆ ಕಣ್ಣು ಕಾಣದವರಿಗೂ ತಿಳಿಯುವಂತೆ ಎರಡು ಸಾಲು ವಿವರಣೆ ಕೊಡಿ, ಅಲ್ಲಿಯ ಮಂದಿ ಅದನ್ನು ಗಮನಿಸುತ್ತಾರೆ. ಆಮೇಲೆ ಬೇರೆ ಊರಲ್ಲಿ ಲೋಹದ ಕೆಲಸ ಮಾಡುವವರ ಪೋಸ್ಟಿಗೆ ಹೋಗಿ ನೀವೇ ಏನಾದರೂ ಕೇಳಿ. ಸಾವಿರ ಲೈಕ್ ಬರಲಿಕ್ಕಿಲ್ಲ. ಆದರೆ ಆ ಮಣ್ಣಿನ ಬಗ್ಗೆ ನಾಲ್ಕು ಪ್ರಶ್ನೆ ಕೇಳುವ ಒಬ್ಬ ಸಿಕ್ಕರೂ ಕಸುಬಿನವರಿಗೆ ಅದು ಕಡಿಮೆಯಲ್ಲ.

ನನ್ನ ತಕರಾರು ಬೇರೆ ಕಡೆ ಇದೆ. ನಮ್ಮವರು ನಾಲ್ಕು ಜನ ಸೇರಿ ಈ ಮಾತು ತೆಗೆದರೆ ಸಾಕು, "ನಮ್ಮದೇ ಕನ್ನಡ ಸರ್ವರ್ ಮಾಡೋಣ" ಶುರುವಾಗುತ್ತದೆ. ಹೆಸರಿನ ಚರ್ಚೆ, ಲೋಗೊ ಚರ್ಚೆ. ತಿಂಗಳ ಬಾಡಿಗೆ ಯಾರು ಕೊಡುತ್ತಾರೆ, ಅಪ್‌ಡೇಟ್ ಯಾರು ಹಾಕುತ್ತಾರೆ, ಮಧ್ಯರಾತ್ರಿ ಯಾರೋ ಬೈಗುಳ ಬರೆದರೆ ಎದ್ದು ಅಳಿಸುವವರು ಯಾರು ಅಂದರೆ ಎಲ್ಲರೂ ಗಪ್ಪ. ವಿಡಿಯೊ ಸರ್ವರಿಗಂತೂ ಜಾಗ ಎಷ್ಟಿದ್ದರೂ ಸಾಲದು.

ಹಳ್ಳಿಯಲ್ಲಿ ತತ್ವಪದ ಹಾಡುವವರು ಮೊದಲು ಯಾವುದೋ ಕಟ್ಟೆ ಮೇಲೆ ಕೂಡುತ್ತಾರೆ. ಹಾಡುವ ಮಂದಿ ಕೂಡಿದ ಮೇಲೆ ಭಜನಾ ಮಂದಿರಕ್ಕೆ ಪಟ್ಟಿ ಎತ್ತುತ್ತಾರೆ. ಇಲ್ಲೂ ಹಾಗೇ ಆಗಲಿ. ಈಗಿರುವ ಯಾವುದಾದರೂ ಸರ್ವರ್ ನೋಡಿ, ಯಾರು ನಡೆಸುತ್ತಾರೆ, ನಿಯಮ ಏನು ಅಂತ ಓದಿ, ಅಲ್ಲೇ ಖಾತೆ ತೆರೆಯಿರಿ. ಕಲಬುರಗಿ, ಬೀದರ, ಯಾದಗಿರಿಯ ಒಂದಿಷ್ಟು ಮಂದಿ ಒಂದೇ ಹ್ಯಾಶ್‌ಟ್ಯಾಗ್ ಹಿಡಿದು ಕೆಲವು ತಿಂಗಳು ಮಾತಾಡೋಣ. ಒಬ್ಬರ ವಿಡಿಯೊಗೆ ಇನ್ನೊಬ್ಬರು ಉತ್ತರ ಬರೆಯೋಣ.

ಇದನ್ನೆಲ್ಲ ಫೇಸ್‌ಬುಕ್ಕಿನಲ್ಲೇ ಬರೆಯುತ್ತಿದ್ದೀರಲ್ಲ ಅಂತ ಕೇಳಬೇಡಿ, ನೀವೆಲ್ಲ ಇಲ್ಲೇ ಇದ್ದೀರಿ. ಬರುವವರು ಕೆಳಗೆ ಹೆಸರು ಹಾಕಿ. ಲೋಗೊ ಮಾತ್ರ ಯಾರೂ ಕಳಿಸಬೇಡಿ.